ಇಂಗ್ಲೆಂಡಿನ ಸೋಶಿಯಲ್ ಪ್ರಿಸ್ಕ್ರೈಬಿಂಗ್ ಸೇವೆ: ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಕೈ ಬಿಡುತ್ತದೆ

ಮಂಡಿನೋವಿಗೆ ಮಾತ್ರೆ ಕೇಳಿಕೊಂಡು ಜಿಪಿ (ಊರಿನ ಸಾಮಾನ್ಯ ವೈದ್ಯರು) ಹತ್ತಿರ ಬಂದ ಹಿರಿಯರ ತೊಂದರೆ ಮಂಡಿಯಲ್ಲೇ ಇರಬೇಕೆಂದಿಲ್ಲ. ಮನೆ ಬೆಚ್ಚಗಿಡಲು ದುಡ್ಡಿಲ್ಲ, ಸಂಗಾತಿ ತೀರಿಕೊಂಡ ಮೇಲೆ ವಾರಗಟ್ಟಲೆ ಯಾರ ಜೊತೆಗೂ ಮಾತಿಲ್ಲ, ಸ್ಥಳೀಯ ಆಡಳಿತವಾದ ಕೌನ್ಸಿಲ್‌ನಿಂದ ಬಂದ ಕಾಗದವನ್ನು ಓದಿ ಹೇಳುವವರಿಲ್ಲ. ಇದೆಲ್ಲ ಹತ್ತು ನಿಮಿಷದ ಅಪಾಯಿಂಟ್‌ಮೆಂಟಿನಲ್ಲಿ ಹೊರಗೆ ಬರುವುದೇ ಕಷ್ಟ. ಬಂದರೂ ಡಾಕ್ಟರ ಬಳಿ ಅದಕ್ಕೆ ಔಷಧವಿಲ್ಲ. ಇಂಥವರನ್ನು ‘ಲಿಂಕ್ ವರ್ಕರ್’ ಎಂಬ ಸಿಬ್ಬಂದಿಯ ಬಳಿ ಕಳಿಸಿ, ಅವರ ಮೂಲಕ ಊರಿನ ಸಂಘ, ಸಲಹಾ ಕೇಂದ್ರ, ಭತ್ಯೆ, ತರಗತಿ, ತೋಟ, ಊಟದ ಕೂಟಗಳಿಗೆ ದಾಟಿಸುವ ವ್ಯವಸ್ಥೆಯೇ ಸೋಶಿಯಲ್ ಪ್ರಿಸ್ಕ್ರೈಬಿಂಗ್. ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಇದನ್ನು ಉಚಿತವಾಗಿ ಕೊಡುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗರಿಗೂ, ಅಪ್ಪ ಅಮ್ಮನನ್ನು ಕರೆಸಿಕೊಂಡು ಹಗಲೆಲ್ಲ ಅವರನ್ನು ಮನೆಯಲ್ಲಿ ಒಂಟಿಯಾಗಿ ಬಿಟ್ಟು ಕೆಲಸಕ್ಕೆ ಹೋಗುವ ಮಕ್ಕಳಿಗೂ ಈ ಸೇವೆ ಇದೆ ಎಂಬುದೇ ಬಹಳ ಸಲ ಗೊತ್ತಿರುವುದಿಲ್ಲ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಲಿಂಕ್ ವರ್ಕರ್ ಜೊತೆಗಿನ ಮೊದಲ ಭೇಟಿ ಎನ್‌ಎಚ್‌ಎಸ್‌ನಲ್ಲಿ ಸಿಗುವ ಅತ್ಯಂತ ಉಪಯುಕ್ತ ಒಂದು ಗಂಟೆ. ಅದರ ನಂತರದ್ದು ನೀವಿರುವ ಊರಿನಲ್ಲಿ ಏನು ಉಳಿದುಕೊಂಡಿದೆ ಎಂಬುದರ ಮೇಲೆ ನಿಂತಿದೆ. ದಾರಿ ತೋರಿಸುವವರಿಗೆ ಸರ್ಕಾರ ಸಂಬಳ ಕೊಡುತ್ತದೆ. ಆ ದಾರಿ ಮುಟ್ಟುವ ಮನೆಯ ಬಾಗಿಲು ತೆರೆದಿರಲು ಬೇಕಾದ ದುಡ್ಡನ್ನು ಕೊಡುವುದಿಲ್ಲ. ಸೇವೆಯ ಒಳ್ಳೆಯದೂ ಕೆಟ್ಟದ್ದೂ ಹೆಚ್ಚುಪಾಲು ಇದರಿಂದಲೇ ಹುಟ್ಟುತ್ತದೆ.

ಇದು ಲಂಡನ್ನಿನ ಸರ್ಕಾರಿ ಕಚೇರಿಗಳ ಬೀದಿಯಾದ ವೈಟ್‌ಹಾಲ್‌ನಲ್ಲಿ ಕುಳಿತವರು ಕಂಡುಹಿಡಿದ ಯೋಜನೆಯಲ್ಲ. ಪೂರ್ವ ಲಂಡನ್ನಿನ ಬಡಾವಣೆಯೊಂದರಲ್ಲಿ 1984ರಲ್ಲಿ, ಪಾಳುಬೀಳುತ್ತಿದ್ದ ಚರ್ಚೊಂದರ ಸುತ್ತ ಶುರುವಾದ ಬ್ರಾಮ್ಲಿ ಬೈ ಬೋ ಸೆಂಟರ್ ಜಿಪಿ ಸರ್ಜರಿಯನ್ನೂ (ಅಲ್ಲಿ ಜಿಪಿಯ ಕ್ಲಿನಿಕ್ಕಿಗೇ ಸರ್ಜರಿ ಎನ್ನುತ್ತಾರೆ) ಕಲಾತರಗತಿ, ಸಾಲದ ಸಲಹೆ, ಉದ್ಯೋಗ ತರಬೇತಿಗಳನ್ನೂ ಒಂದೇ ಅಂಗಳಕ್ಕೆ ತಂದಿತು. ರಾದರಮ್ ಪಟ್ಟಣದಲ್ಲಿ 2012ರಿಂದ, ಸಾಮರ್‌ಸೆಟ್‌ನ ಫ್ರೂಮ್ ಪಟ್ಟಣದಲ್ಲಿ 2013ರಿಂದ ಇಂಥದ್ದೇ ಕೆಲಸ ನಡೆಯಿತು. ಫ್ರೂಮ್‌ನಲ್ಲಿ ಸರ್ಜರಿಯ ಸಿಬ್ಬಂದಿಯಷ್ಟೇ ಅಲ್ಲ, ಕ್ಷೌರದ ಅಂಗಡಿಯವರು, ಟ್ಯಾಕ್ಸಿಯವರಂಥ ಸಾಮಾನ್ಯ ಜನರಿಗೂ ಊರಿನಲ್ಲಿ ಏನೇನು ಸಹಾಯ ಸಿಗುತ್ತದೆ ಎಂದು ಕಲಿಸಿಕೊಟ್ಟರು. 2019ರ ಜನವರಿಯಲ್ಲಿ ಬಂದ ಎನ್‌ಎಚ್‌ಎಸ್ ದೀರ್ಘಕಾಲದ ಯೋಜನೆ ಇದನ್ನು ಇಡೀ ಇಂಗ್ಲೆಂಡಿಗೆ ಹರಡಿತು. 2020-21ರ ಕೊನೆಗೆ 1,000ಕ್ಕೂ ಹೆಚ್ಚು ಲಿಂಕ್ ವರ್ಕರ್‌ಗಳು, 2023-24ರೊಳಗೆ 9 ಲಕ್ಷ ಜನರಿಗೆ ರೆಫರಲ್, ಅಂದರೆ ಸೇವೆಗೆ ಶಿಫಾರಸು, ಎಂಬುದು ಆಗಿನ ಗುರಿ. ಈಗ ಲಿಂಕ್ ವರ್ಕರ್‌ಗಳ ಸಂಖ್ಯೆ 3,000 ದಾಟಿದೆ. ಅವರ ಸಂಬಳ ಬರುವುದು ಪ್ರೈಮರಿ ಕೇರ್ ನೆಟ್‌ವರ್ಕ್ ಮೂಲಕ. ಅಂದರೆ ಸಾಮಾನ್ಯವಾಗಿ 30,000ದಿಂದ 50,000 ಜನರನ್ನು ನೋಡಿಕೊಳ್ಳುವ, ಅಕ್ಕಪಕ್ಕದ ಹಲವು ಜಿಪಿ ಸರ್ಜರಿಗಳ ಕೂಟ.

ಒಳಗೆ ಹೋಗುವುದು ಹೇಗೆ? ಜಿಪಿಯನ್ನೇ ನೋಡಬೇಕು ಎಂದು ಹೆಚ್ಚಿನವರು ತಿಳಿದಿದ್ದಾರೆ. ಅಗತ್ಯವಿಲ್ಲ. ನರ್ಸ್, ಫಾರ್ಮಸಿಸ್ಟ್, ಆಸ್ಪತ್ರೆಯಿಂದ ಮನೆಗೆ ಕಳಿಸುವ ತಂಡ, ಕೌನ್ಸಿಲ್, ವಸತಿ ಸಂಸ್ಥೆ, ಜಾಬ್ ಸೆಂಟರ್, ಪೊಲೀಸ್, ಅಗ್ನಿಶಾಮಕ ದಳ, ಸ್ವಯಂಸೇವಾ ಸಂಸ್ಥೆ ಹೀಗೆ ಯಾರು ಬೇಕಾದರೂ ರೆಫರ್ ಮಾಡಬಹುದು ಎಂಬುದು ಎನ್‌ಎಚ್‌ಎಸ್ ಇಂಗ್ಲೆಂಡಿನ ಮಾದರಿ. ಹಲವೆಡೆ ನೀವೇ ನೇರವಾಗಿ ಹೆಸರು ಕೊಡಬಹುದು. ಸುಲಭದ ದಾರಿ ರಿಸೆಪ್ಷನ್‌ಗೆ ಫೋನ್ ಮಾಡಿ “ನಿಮ್ಮ ಸೋಶಿಯಲ್ ಪ್ರಿಸ್ಕ್ರೈಬಿಂಗ್ ಲಿಂಕ್ ವರ್ಕರ್ ಜೊತೆ ಮಾತಾಡಬೇಕು” ಎಂದು ಇದೇ ಹೆಸರು ಹಿಡಿದು ಕೇಳುವುದು. “ಅಮ್ಮನಿಗೆ ಸ್ವಲ್ಪ ಬೇಜಾರು, ಏನಾದರೂ ಇದೆಯಾ” ಎಂದು ಕೇಳಿದರೆ ಮತ್ತೆ ಡಾಕ್ಟರ ಸಾಲಿಗೇ ನಿಲ್ಲಿಸುತ್ತಾರೆ. ಆಗುವುದಾದರೆ ಏನು ಬೇಕಾಗಿದೆ ಎಂದು ಎರಡು ಸಾಲು ಬರೆಸಿ: ಒಂಟಿತನ, ಸಾಲ, ವಸತಿ, ಆರೈಕೆ ಮಾಡುವವರ ಆಯಾಸ, ಭಾಷೆಯ ತೊಡಕು. ‘ಬೆಂಬಲ ಬೇಕು’ ಎಂದಷ್ಟೇ ಇರುವ ರೆಫರಲ್ ಸಾಲಿನ ಹಿಂದಕ್ಕೆ ಬೀಳುತ್ತದೆ.

ಇನ್ನು ಸೇವೆ ಮೊದಲು ಮುಗ್ಗರಿಸುವ ಜಾಗ. ಲಿಂಕ್ ವರ್ಕರ್ ಮೊದಲು ಫೋನ್ ಮಾಡುತ್ತಾರೆ, ಮತ್ತು ಎನ್‌ಎಚ್‌ಎಸ್ ಕರೆಗಳು ಬಹುಪಾಲು ನಂಬರ್ ಕಾಣದಂತೆ ಬರುತ್ತವೆ. ನಂಬರಿಲ್ಲದ ಕರೆ ಎತ್ತಬೇಡಿ, ಮೋಸದವರು ಇರುತ್ತಾರೆ ಎಂದು ಹಿರಿಯರಿಗೆ ಮಕ್ಕಳೇ ಹೇಳಿಕೊಟ್ಟಿರುತ್ತಾರೆ. ಸಾಲ ವಸೂಲಿಯವರ ಭಯದಲ್ಲಿರುವವರೂ ಎತ್ತುವುದಿಲ್ಲ. ಎರಡು ಮೂರು ಕರೆ ವಿಫಲವಾದರೆ ಒಂದು ಕಾಗದ ಕಳಿಸಿ ಕಡತ ಮುಚ್ಚುವುದು ಅನೇಕ ಕಡೆಯ ರೂಢಿ. ಯಾರಿಗೆ ಸಹಾಯ ಅತಿ ಹೆಚ್ಚು ಬೇಕೋ ಅವರೇ ಹೀಗೆ ಪಟ್ಟಿಯಿಂದ ಉದುರಿಹೋಗುತ್ತಾರೆ. ಇದಕ್ಕೆ ಮದ್ದು ಸುಲಭ: ರೆಫರಲ್ ಸಮಯದಲ್ಲೇ “ಮೊದಲು ಎಸ್‌ಎಂಎಸ್ ಕಳಿಸಿ, ಇಂಥ ದಿನ ಇಂಥ ಹೊತ್ತಿಗೆ ಕರೆ ಮಾಡಿ” ಎಂದು ಬರೆಸಿ. ಮಗ ಅಥವಾ ಮಗಳ ನಂಬರನ್ನು ಎರಡನೆಯದಾಗಿ ಕೊಡಬಹುದು. ಆದರೆ ಅದಕ್ಕೆ ಹಿರಿಯರ ಒಪ್ಪಿಗೆ ದಾಖಲಾಗಿರಬೇಕು, ಇಲ್ಲದಿದ್ದರೆ ನಿಮ್ಮ ಜೊತೆ ಏನೂ ಮಾತಾಡುವುದಿಲ್ಲ.

ಮೊದಲ ಭೇಟಿ ಸಾಮಾನ್ಯವಾಗಿ 45 ನಿಮಿಷದಿಂದ ಒಂದು ಗಂಟೆ. ಸರ್ಜರಿಯಲ್ಲಿ, ಮನೆಯಲ್ಲಿ, ಕೆಲವೊಮ್ಮೆ ಗ್ರಂಥಾಲಯದ ಮೂಲೆಯಲ್ಲಿ. ಡಾಕ್ಟರು ‘ಏನಾಗಿದೆ’ ಎಂದು ಕೇಳುವ ಕಡೆ ಲಿಂಕ್ ವರ್ಕರ್ ‘ನಿಮಗೆ ಯಾವುದು ಮುಖ್ಯ’ ಎಂದು ಕೇಳುತ್ತಾರೆ. ಇದು ಬರೀ ಶಿಷ್ಟಾಚಾರದ ಮಾತಲ್ಲ. ಉತ್ತರವನ್ನು ಆಧಾರವಾಗಿಟ್ಟುಕೊಂಡು ಎರಡು ಮೂರು ಗುರಿಗಳ ಯೋಜನೆ ಬರೆದು, ಪ್ರತಿ ಗುರಿಯ ಎದುರು ಯಾರು ಏನು ಯಾವಾಗ ಮಾಡಬೇಕೆಂದು ನಮೂದಿಸಬೇಕು. ಅದರ ಪ್ರತಿ ನಿಮ್ಮ ಕೈಗೆ ಸಿಗಬೇಕು. ಸಿಗದಿದ್ದರೆ ಕೇಳಿ ಪಡೆಯಿರಿ. ಆಮೇಲೆ ಸುಮಾರು ಮೂರು ತಿಂಗಳಲ್ಲಿ ಆರರಿಂದ ಹನ್ನೆರಡು ಸಲ ಭೇಟಿಯೋ ಫೋನೋ ನಡೆಯುವುದು ಮಾದರಿ. ಒಬ್ಬ ಪೂರ್ಣಾವಧಿ ಲಿಂಕ್ ವರ್ಕರ್ ವರ್ಷಕ್ಕೆ 200ರಿಂದ 250 ಜನರನ್ನು ನೋಡಬೇಕೆಂಬುದು ಮಾರ್ಗದರ್ಶಿಯ ಲೆಕ್ಕ. ಅದಕ್ಕಿಂತ ಹೆಚ್ಚು ಹೇರಿದ ಕಡೆ ಹನ್ನೆರಡು ಭೇಟಿ ಎರಡಕ್ಕಿಳಿಯುತ್ತದೆ, ಮನೆಭೇಟಿ ನಿಂತುಹೋಗುತ್ತದೆ. “ನಿಮ್ಮ ಬಳಿ ಎಷ್ಟು ಭೇಟಿ ಸಿಗುತ್ತವೆ?” ಎಂದು ಮೊದಲ ದಿನವೇ ಕೇಳುವುದು ತಪ್ಪಲ್ಲ.

ಆ ಭೇಟಿಯಲ್ಲಿ ಬರುವ ಅಂಕದ ಪ್ರಶ್ನೆಗಳ ಬಗ್ಗೆ ಒಂದು ಎಚ್ಚರಿಕೆ. ನಾಲ್ಕು ಪ್ರಶ್ನೆ ಕೇಳಿ ಪ್ರತಿಯೊಂದಕ್ಕೂ 0ಯಿಂದ 10ರವರೆಗೆ ಅಂಕ ಕೊಡಲು ಹೇಳುತ್ತಾರೆ: ಬದುಕಿನ ಬಗ್ಗೆ ಎಷ್ಟು ತೃಪ್ತಿ, ಮಾಡುವ ಕೆಲಸಗಳಲ್ಲಿ ಎಷ್ಟು ಸಾರ್ಥಕತೆ, ನಿನ್ನೆ ಎಷ್ಟು ಸಂತೋಷವಾಗಿದ್ದಿರಿ, ನಿನ್ನೆ ಎಷ್ಟು ಆತಂಕದಲ್ಲಿದ್ದಿರಿ. ಮೊದಲ ಮೂರಕ್ಕೆ ಅಂಕ ಹೆಚ್ಚಿದಷ್ಟೂ ಒಳ್ಳೆಯದು, ನಾಲ್ಕನೆಯದಕ್ಕೆ ಹೆಚ್ಚಿದಷ್ಟೂ ಕೆಟ್ಟದ್ದು. ಮೂರಕ್ಕೆ ಎಂಟು ಎಂಟು ಎನ್ನುತ್ತ ಬಂದವರು ನಾಲ್ಕನೆಯದಕ್ಕೂ ಅದೇ ಓಟದಲ್ಲಿ ಎಂಟು ಎಂದುಬಿಡುತ್ತಾರೆ. ಕೇಳುವವರು ನಿಲ್ಲಿಸಿ ಅಳತೆ ತಿರುಗಿದೆ ಎಂದು ಹೇಳಬೇಕು. ನಮ್ಮ ಹಿರಿಯರಲ್ಲಿ ಇನ್ನೊಂದು ಸಮಸ್ಯೆ: ಮನೆಯ ಕಷ್ಟವನ್ನು ಪರರ ಮುಂದೆ ಅಂಕವಾಗಿ ಇಡುವುದು ಸಂಕೋಚದ ವಿಷಯ. ಮಗ ಸೊಸೆ ಪಕ್ಕದಲ್ಲಿ ಕುಳಿತಿದ್ದರಂತೂ “ಏನೂ ಕೊರತೆ ಇಲ್ಲ, ಚೆನ್ನಾಗಿ ನೋಡ್ಕೋತಾರೆ” ಎನ್ನುತ್ತ ಹತ್ತಕ್ಕೆ ಹತ್ತು ಕೊಟ್ಟುಬಿಡುತ್ತಾರೆ. ಅಂಕ ಪೂರ್ತಿ ಬಂದಿದೆ ಎಂದು ಕಡತ ಬೇಗ ಮುಚ್ಚುವ ಸಾಧ್ಯತೆ ಇರುವುದರಿಂದ, ಸ್ವಲ್ಪ ಹೊತ್ತು ಅವರನ್ನು ಒಬ್ಬರನ್ನೇ ಮಾತಾಡಿಸಲು ಬಿಟ್ಟು ಹೊರಗೆ ಹೋಗುವುದು ಮನೆಯವರು ಮಾಡಬಹುದಾದ ದೊಡ್ಡ ಉಪಕಾರ.

ಈ ಸೇವೆಯ ಫೋಟೋಗಳಲ್ಲಿ ಯಾವಾಗಲೂ ತೋಟ, ಕುಂಬಾರಿಕೆ, ಹಾಡಿನ ಗುಂಪುಗಳೇ ಕಾಣುತ್ತವೆ. ಅಸಹಾಯಕ ಸ್ಥಿತಿಯಲ್ಲಿರುವವರಿಗೆ ಇದರಿಂದ ಬೇಗ ಸಿಗುವ ಲಾಭ ಮಾತ್ರ ಕಾಗದಪತ್ರದ್ದು, ಅಂದರೆ ದುಡ್ಡಿನದ್ದು. ಉದಾಹರಣೆಗೆ ಅಟೆಂಡೆನ್ಸ್ ಅಲೋಯನ್ಸ್. ಪಿಂಚಣಿ ವಯಸ್ಸು ದಾಟಿದ, ಸ್ನಾನ, ಬಟ್ಟೆ, ಔಷಧ ಇಂಥದ್ದಕ್ಕೆ ಇನ್ನೊಬ್ಬರ ನೆರವು ಬೇಕಾಗುವವರಿಗೆ ಇದು ಸಿಗುತ್ತದೆ. 2025-26ರಲ್ಲಿ ವಾರಕ್ಕೆ 73.90 ಪೌಂಡ್, ಹಗಲೂ ರಾತ್ರಿಯೂ ನೆರವು ಬೇಕಿದ್ದರೆ 110.40 ಪೌಂಡ್. ಆದಾಯ, ಉಳಿತಾಯ ನೋಡುವುದಿಲ್ಲ. ಸಾಮಾನ್ಯವಾಗಿ ಆರು ತಿಂಗಳಿಂದ ನೆರವಿನ ಅಗತ್ಯವಿರಬೇಕು. ಫಾರ್ಮನ್ನು ಆನ್‌ಲೈನ್‌ನಲ್ಲಿ ಇಳಿಸಿಕೊಂಡು ಕಳಿಸಿದರೆ ಅದು ತಲುಪಿದ ದಿನದಿಂದ ಲೆಕ್ಕ. ಫೋನ್ ಮಾಡಿ ಫಾರ್ಮ್ ತರಿಸಿಕೊಂಡು ಆರು ವಾರದೊಳಗೆ ಮರಳಿಸಿದರೆ ಫೋನ್ ಮಾಡಿದ ದಿನದಿಂದಲೇ ಲೆಕ್ಕ. ಆರು ವಾರದ ಭತ್ಯೆ ಸಣ್ಣ ಮೊತ್ತವಲ್ಲ. ಒಳ್ಳೆಯ ಲಿಂಕ್ ವರ್ಕರ್ ಇದನ್ನು ಮೊದಲ ಭೇಟಿಯಲ್ಲೇ ನಿಮ್ಮ ಎದುರಿಗೇ ಫೋನ್ ಮಾಡಿಸಿ ಮುಗಿಸುತ್ತಾರೆ.

ಆ ಫಾರ್ಮ್ ತುಂಬುವಾಗ ಎಡವುವುದು ಒಂದೇ ರೀತಿ. ‘ಹಾಸಿಗೆಯಿಂದ ಏಳಲು ತೊಂದರೆ ಇದೆಯೇ’ ಎಂದರೆ “ಹೇಗೋ ಎದ್ದೇಳ್ತೀನಿ” ಎಂಬ ಉತ್ತರ. ಬರೆಯಬೇಕಾದದ್ದು ಆ ‘ಹೇಗೋ’ ಏನೆಂಬುದನ್ನು. ಮಂಚದ ಅಂಚು ಹಿಡಿದು ಕೂರಲು ಎಷ್ಟು ನಿಮಿಷ, ತಲೆಸುತ್ತು ಬರುತ್ತದೆಯೇ, ರಾತ್ರಿ ಬಚ್ಚಲಿಗೆ ಎಷ್ಟು ಸಲ, ಆಗ ಯಾರು ಕೈ ಹಿಡಿಯುತ್ತಾರೆ, ಯಾರೂ ಇಲ್ಲದಿದ್ದರೆ ಏನಾಗುತ್ತದೆ. ರಾತ್ರಿಯ ಭಾಗವನ್ನು ಖಾಲಿ ಬಿಟ್ಟರೆ ಹೆಚ್ಚಿನ ದರ ಸಿಗುವುದಿಲ್ಲ. ನೆರವು ಈಗ ಸಿಗುತ್ತಿರಬೇಕೆಂದೇನೂ ಇಲ್ಲ, ಅಗತ್ಯ ಇದ್ದರೆ ಸಾಕು. ಕಡಿಮೆ ಆದಾಯದ ಹಿರಿಯರು ಇದರ ಜೊತೆಗೇ ಪೆನ್ಷನ್ ಕ್ರೆಡಿಟ್ ಪರಿಶೀಲಿಸಿಕೊಳ್ಳಬೇಕು. ಒಬ್ಬರೇ ಇರುವವರ ವಾರದ ಆದಾಯವನ್ನು ಅದು 2025-26ರಲ್ಲಿ 227.10 ಪೌಂಡಿಗೆ ಏರಿಸುತ್ತಿತ್ತು. ಅಟೆಂಡೆನ್ಸ್ ಅಲೋಯನ್ಸ್ ಸಿಕ್ಕರೆ ಈ ಮಿತಿ ಇನ್ನೂ ಮೇಲೇರಬಹುದು, ಆದ್ದರಿಂದ ಮೊದಲು ತಿರಸ್ಕೃತರಾದವರು ಮತ್ತೆ ಕೇಳಬೇಕು. ವಿದ್ಯುತ್ ಕಂಪನಿಯ ಆದ್ಯತಾ ಪಟ್ಟಿಯಲ್ಲಿ ಹೆಸರು ಸೇರಿಸುವುದೂ ಇದೇ ಹೊತ್ತಿಗೆ ಮುಗಿಯುವ ಕೆಲಸ, ಅದಕ್ಕೆ ಶುಲ್ಕವಿಲ್ಲ.

ವೀಸಾದ ಮೇಲೆ ಬಂದಿರುವ ತಂದೆತಾಯಿಗಳ ವಿಷಯದಲ್ಲಿ ಎಚ್ಚರ ಬೇಕು. ‘ಸಾರ್ವಜನಿಕ ನಿಧಿಗೆ ಅವಕಾಶವಿಲ್ಲ’ ಎಂಬ ಷರತ್ತು ವೀಸಾದಲ್ಲಿದ್ದರೆ ಮೇಲೆ ಹೇಳಿದಂಥ ಭತ್ಯೆಗಳಿಗೆ ಅರ್ಜಿ ಹಾಕುವುದೇ ಮುಂದೆ ವಲಸೆ ಅರ್ಜಿಗೆ ಮುಳುವಾಗಬಹುದು. ಇದನ್ನು ಎಲ್ಲ ಲಿಂಕ್ ವರ್ಕರ್‌ಗಳೂ ತಿಳಿದಿರುವುದಿಲ್ಲ, ಸದುದ್ದೇಶದಿಂದಲೇ ಫಾರ್ಮ್ ಕೈಗಿಡುತ್ತಾರೆ. ಉಚಿತ ಸಲಹಾ ಸಂಸ್ಥೆಯಾದ ಸಿಟಿಜನ್ಸ್ ಅಡ್ವೈಸ್‌ನಲ್ಲಿ ಕೇಳಿಕೊಳ್ಳದೆ ಸಹಿ ಹಾಕಬೇಡಿ. ಆದರೆ ಜಿಪಿಯಲ್ಲಿ ನೋಂದಣಿ, ಜಿಪಿ ನೋಡುವುದು, ಲಿಂಕ್ ವರ್ಕರ್ ಭೇಟಿ, ಸಂಘಗಳಿಗೆ ಹೋಗುವುದು ಯಾವುದೂ ಆ ಷರತ್ತಿನಡಿ ಬರುವುದಿಲ್ಲ. ಭಯಪಟ್ಟು ಇಡೀ ಸೇವೆಯನ್ನೇ ಬಿಡುವವರಿದ್ದಾರೆ, ಅದು ಅನವಶ್ಯಕ.

ಇನ್ನು ಕೂಟಗಳು. ವಾಕಿಂಗ್ ಗುಂಪು, ಕಾಫಿ ಬೆಳಗು, ಗಂಡಸರು ಸೇರಿ ಮರಗೆಲಸ ಮಾಡುವ ‘ಮೆನ್ಸ್ ಶೆಡ್’, ತೋಟಗಾರಿಕೆ, ಇಂಗ್ಲಿಷ್ ಮಾತಿನ ತರಗತಿ, ಹಿರಿಯರ ಸಂಸ್ಥೆಯಾದ ಏಜ್ ಯುಕೆಯ ಫೋನ್ ಗೆಳೆತನ. ಶನಿವಾರ ಬೆಳಿಗ್ಗೆ 9ಕ್ಕೆ ಊರೂರಿನ ಉದ್ಯಾನಗಳಲ್ಲಿ ನಡೆಯುವ 5 ಕಿ.ಮೀ. ಪಾರ್ಕ್‌ರನ್ ಉಚಿತ. 2018ರಿಂದ ಜಿಪಿಗಳ ರಾಯಲ್ ಕಾಲೇಜಿನ ಜೊತೆ ಸೇರಿ ಸರ್ಜರಿಗಳನ್ನೇ ಪಾರ್ಕ್‌ರನ್‌ಗೆ ಜೋಡಿಸುವ ಕಾರ್ಯಕ್ರಮವಿದೆ. ಓಡಲೇಬೇಕೆಂದಿಲ್ಲ, ನಡೆಯಬಹುದು, ದಾರಿ ತೋರುವ ಸ್ವಯಂಸೇವಕರಾಗಿ ನಿಲ್ಲಬಹುದು. ಇಂಗ್ಲಿಷ್ ಬರದ ಹಿರಿಯರಿಗೆ ಈ ನಿಲ್ಲುವ ಕೆಲಸ ಚೆನ್ನಾಗಿ ಒಗ್ಗುತ್ತದೆ. ಮೇಲಂಗಿ ತೊಟ್ಟು ನಿಂತರೆ ಹೋಗುವವರೆಲ್ಲ ಥ್ಯಾಂಕ್ಸ್ ಹೇಳಿಕೊಂಡೇ ಹೋಗುತ್ತಾರೆ.

ಇವುಗಳನ್ನು ಆಯ್ಕೆ ಮಾಡುವಾಗ ಆಸಕ್ತಿಯನ್ನಷ್ಟೇ ನೋಡಿದರೆ ಸಾಲದು. ಬಸ್ಸು ನೋಡಿ. ಇಂಗ್ಲೆಂಡಿನ ಹಿರಿಯರ ಉಚಿತ ಬಸ್ ಪಾಸ್ ವಾರದ ದಿನಗಳಲ್ಲಿ ಬೆಳಿಗ್ಗೆ 9.30ರಿಂದ ರಾತ್ರಿ 11ರವರೆಗೆ ಮಾತ್ರ ನಡೆಯುತ್ತದೆ, ಕೆಲವು ಕೌನ್ಸಿಲ್‌ಗಳಷ್ಟೇ ಮುಂಚೆ ಬಿಡುತ್ತವೆ. 10 ಗಂಟೆಗೆ ಶುರುವಾಗುವ ಕೂಟಕ್ಕೆ ಎರಡು ಬಸ್ ಬದಲಿಸಬೇಕಾದವರು ಪ್ರತಿ ವಾರ ತಡವಾಗಿ ಹೋಗುತ್ತಾರೆ, ಎಲ್ಲರೂ ಕುಳಿತಾದ ಮೇಲೆ ಒಳಗೆ ಹೋಗಲು ಮುಜುಗರವಾಗಿ ಮೂರನೇ ವಾರ ಬಿಟ್ಟುಬಿಡುತ್ತಾರೆ. ಕಡತದಲ್ಲಿ ‘ಆಸಕ್ತಿ ತೋರಲಿಲ್ಲ’ ಎಂದು ಬರೆಯಲಾಗುತ್ತದೆ. ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು, ಆದ್ದರಿಂದ ಮೂರಕ್ಕೆ ಮುಗಿಯುವ ಕೂಟವನ್ನೇ ಆರಿಸಬೇಕು. ಮೂತ್ರದ ತೊಂದರೆ ಇರುವವರಿಗೆ ಶೌಚಾಲಯ ಎಷ್ಟು ಹತ್ತಿರ ಎಂಬುದು ಎಲ್ಲಕ್ಕಿಂತ ಮುಖ್ಯ ಪ್ರಶ್ನೆ, ಅವರಾಗಿ ಕೇಳುವುದಿಲ್ಲ. ಲಂಚ್ ಕ್ಲಬ್ ಆದರೆ ಸಸ್ಯಾಹಾರ ಮೊದಲೇ ಹೇಳಿ. ಕಷ್ಟದಲ್ಲಿರುವವರಿಗೆ ಉಚಿತ ದಿನಸಿ ಕೊಡುವ ಫುಡ್ ಬ್ಯಾಂಕಿನ ವೋಚರ್ ಬರೆಸುವಾಗಲೂ ಹಾಗೆಯೇ. ಟ್ರಸೆಲ್ ಜಾಲದ ಫುಡ್ ಬ್ಯಾಂಕ್ ಕನಿಷ್ಠ ಮೂರು ದಿನದ ಆಹಾರ ಕೊಡುತ್ತದೆ. ಸಸ್ಯಾಹಾರವೆಂದು ಗುರುತು ಹಾಕದಿದ್ದರೆ ಡಬ್ಬಿಗಳಲ್ಲಿ ಮೀನು, ಮಾಂಸವೇ ಬರುತ್ತದೆ.

ಒಳ್ಳೆಯ ಸೇವೆಯನ್ನೂ ಹೆಸರಿಗಷ್ಟೇ ಇರುವ ಸೇವೆಯನ್ನೂ ಬೇರೆ ಮಾಡುವುದು ಮೊದಲ ದಿನದ ಜೊತೆಗಾರಿಕೆ. ಕರಪತ್ರ ಕೊಟ್ಟು “ಗುರುವಾರ ಹೋಗಿ ನೋಡಿ” ಎಂದರೆ ಬಹುತೇಕರು ಹೋಗುವುದಿಲ್ಲ. ಪರಿಚಯವಿಲ್ಲದ ಕೋಣೆಗೆ ಒಬ್ಬರೇ ಕಾಲಿಡುವುದು ಆರೋಗ್ಯವಂತರಿಗೂ ಕಷ್ಟ, ಖಿನ್ನತೆಯಲ್ಲಿರುವವರಿಗೆ ಬೆಟ್ಟ. ಲಿಂಕ್ ವರ್ಕರೋ ಸ್ವಯಂಸೇವಕರೋ ಜೊತೆಗೆ ಹೋಗಿ, ಕೂಟ ನಡೆಸುವವರಿಗೆ ಹೆಸರು ಹೇಳಿ ಪರಿಚಯಿಸಿ, ಒಂದು ಕಪ್ ಚಹಾ ಮುಗಿಯುವವರೆಗೆ ಕುಳಿತು, ಮುಂದಿನ ವಾರ ಬಂದರೇ ಎಂದು ಫೋನ್ ಮಾಡಿ ವಿಚಾರಿಸಿದರೆ ಜನ ನಿಲ್ಲುತ್ತಾರೆ. ಇದಕ್ಕೆ ಅರ್ಧ ದಿನ ಬೇಕು. 250 ಕಡತ ಇಟ್ಟುಕೊಂಡವರ ಬಳಿ ಆ ಅರ್ಧ ದಿನ ಇರುವುದಿಲ್ಲ. ಆದ್ದರಿಂದ ಯೋಜನೆ ಬರೆಯುವಾಗಲೇ “ಮೊದಲ ಸಲ ಜೊತೆಗೆ ಯಾರು ಬರುತ್ತಾರೆ?” ಎಂದು ಕೇಳಿ, ಹೆಸರು ಬರೆಸಿಕೊಳ್ಳಿ.

ನಮ್ಮ ದೊಡ್ಡ ಆಕ್ಷೇಪ ಇರುವುದು ದುಡ್ಡು ಹರಿಯುವ ರೀತಿಯ ಬಗ್ಗೆ. ಜಿಪಿ ಮಾತ್ರೆ ಬರೆದರೆ ಔಷಧದಂಗಡಿಗೆ ಹಣ ಸಲ್ಲುತ್ತದೆ. ಲಿಂಕ್ ವರ್ಕರ್ ತೋಟಗಾರಿಕೆ ಬರೆದರೆ ತೋಟ ನಡೆಸುವ ಸಂಸ್ಥೆಗೆ ಸಾಮಾನ್ಯವಾಗಿ ಏನೂ ಬರುವುದಿಲ್ಲ. ಹತ್ತು ಜನರಿಗಾಗಿ ಇದ್ದ ಕೂಟಕ್ಕೆ ಮೂವತ್ತು ಜನ ಬರುತ್ತಾರೆ, ಅದರಲ್ಲಿ ಕೆಲವರಿಗೆ ಗಂಭೀರ ಮಾನಸಿಕ ತೊಂದರೆ ಇರುತ್ತದೆ, ನಡೆಸುತ್ತಿರುವವರು ತರಬೇತಿಯಿಲ್ಲದ ಇಬ್ಬರು ನಿವೃತ್ತರು. ಅನೇಕ ಗುಂಪುಗಳು ನಡೆಯುವುದು ಸಣ್ಣ ಅವಧಿಯ ಅನುದಾನದಲ್ಲಿ. ಹನ್ನೆರಡು ವಾರ ಕಳೆದು, ಅಂತೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಮಾತಾಡಿಸುವ ಹೊತ್ತಿಗೆ ಕೂಟ ಮುಚ್ಚುತ್ತದೆ. ಒಂಟಿತನದಿಂದ ಬಂದವರಿಗೆ ಇದು ಇನ್ನೊಂದು ಅಗಲಿಕೆ, ಮೊದಲಿದ್ದ ಸ್ಥಿತಿಗಿಂತ ಕೆಳಕ್ಕೆ ಜಾರುವವರೂ ಇದ್ದಾರೆ. ಸೇರುವ ಮುನ್ನ “ಈ ಕೂಟದ ಅನುದಾನ ಎಲ್ಲಿಯವರೆಗೆ?” ಎಂದು ವಿಚಾರಿಸಿ. ಚರ್ಚ್, ದೇವಸ್ಥಾನ, ಗುರುದ್ವಾರ, ಗ್ರಂಥಾಲಯಗಳಲ್ಲಿ ವರ್ಷಗಳಿಂದ ನಡೆದು ಬಂದಿರುವ ಸಾದಾ ಕೂಟ ಎಷ್ಟೋ ಸಲ ಹೊಸ ಯೋಜನೆಗಿಂತ ಗಟ್ಟಿ.

ಭಾಷೆಯ ವಿಷಯ ಕನ್ನಡಿಗರಿಗೆ ನೇರವಾಗಿ ತಟ್ಟುವಂಥದ್ದು. ಜಿಪಿ ಸೇವೆಗಳಲ್ಲಿ ವೃತ್ತಿಪರ ದುಭಾಷಿ ಉಚಿತ, ಮನೆಯವರನ್ನು ದುಭಾಷಿಯಾಗಿ ಬಳಸಬಾರದು, ಮಕ್ಕಳನ್ನಂತೂ ಕೂಡದು ಎಂಬುದು ಎನ್‌ಎಚ್‌ಎಸ್ ಮಾರ್ಗದರ್ಶನ. ಆದರೆ ಭಾರತದವರು ಎಂದಕೂಡಲೇ ಹಿಂದಿ ದುಭಾಷಿಯನ್ನು ಗೊತ್ತು ಮಾಡಿಬಿಡುವುದುಂಟು. ಹಾಸನದ ಹಳ್ಳಿಯಿಂದ ಬಂದ ಅಜ್ಜಿಗೆ ಹಿಂದಿಯೂ ಇಂಗ್ಲಿಷಿನಷ್ಟೇ ದೂರ. ನೋಂದಣಿ ದಾಖಲೆಯಲ್ಲಿ ಮಾತೃಭಾಷೆ ಕನ್ನಡ, ದುಭಾಷಿ ಬೇಕು ಎಂಬ ಎರಡನ್ನೂ ಸೇರಿಸಲು ಹೇಳಿ. ಫೋನ್ ಮೂಲಕವಾದರೆ ಕನ್ನಡ ದುಭಾಷಿ ಸಿಗುತ್ತಾರೆ, ಮುಂಚೆ ಗೊತ್ತುಪಡಿಸಬೇಕು, ಅಪಾಯಿಂಟ್‌ಮೆಂಟ್ ಎರಡರಷ್ಟು ಸಮಯದ್ದಾಗಿರಬೇಕು. ಇನ್ನು ಕೂಟಗಳ ಪಟ್ಟಿ. ಲಿಂಕ್ ವರ್ಕರ್ ನೋಡುವುದು ಕೌನ್ಸಿಲ್‌ನ ಡೈರೆಕ್ಟರಿಯನ್ನು. ಕನ್ನಡ ಬಳಗ ಯುಕೆ, ಊರೂರಿನ ಕನ್ನಡ ಗುಂಪುಗಳು, ಲಂಡನ್ನಿನ ವೆಸ್ಟ್ ಕೆನ್ಸಿಂಗ್ಟನ್‌ನಲ್ಲಿ ಭಾರತೀಯ ಸಂಗೀತ, ನೃತ್ಯ ಕಲಿಸುವ ಭಾರತೀಯ ವಿದ್ಯಾ ಭವನದಂಥ ಕೇಂದ್ರಗಳು ಅದರಲ್ಲಿ ಇರುತ್ತವೆಂದು ನಂಬಿ ಕೂರಬಾರದು. ನಮ್ಮ ಸಂಘಗಳು ತಮ್ಮ ಹಿರಿಯರ ಕೂಟದ ದಿನ, ಸ್ಥಳ, ಸಂಪರ್ಕಿಸಬೇಕಾದವರ ವಿವರವನ್ನು ಸ್ಥಳೀಯ ಪ್ರೈಮರಿ ಕೇರ್ ನೆಟ್‌ವರ್ಕಿಗೆ ಒಂದು ಇಮೇಲ್‌ನಲ್ಲಿ ಕಳಿಸಿದರೆ ಪಟ್ಟಿಗೆ ಸೇರಿಸಿಕೊಳ್ಳುತ್ತಾರೆ. ಯುಗಾದಿ, ದೀಪಾವಳಿಗೆ ಮಾತ್ರ ಸೇರುವ ಗುಂಪು ಈ ಕೆಲಸಕ್ಕೆ ಸಾಲದು, ತಿಂಗಳಿಗೆ ಎರಡು ಸಲವಾದರೂ ಹಗಲು ಹೊತ್ತು ಕೂಡಬೇಕು.

ಆಶ್ರಯ ಕೋರಿ ಬಂದವರಿಗೆ ಈ ಸೇವೆ ಕಾಗದದ ಮೇಲೆ ಪೂರ್ತಿ ತೆರೆದಿದೆ. ಜಿಪಿ ನೋಂದಣಿಗೆ ವಿಳಾಸದ ಪುರಾವೆ, ಗುರುತಿನ ಚೀಟಿ, ವೀಸಾ ಯಾವುದೂ ಕಡ್ಡಾಯವಲ್ಲ. ಇಲ್ಲವೆಂದು ತಿರುಗಿಸಿ ಕಳಿಸುವ ರಿಸೆಪ್ಷನ್‌ಗಳು ಇವೆ, ಅದು ನಿಯಮಕ್ಕೆ ವಿರುದ್ಧ. ನಿಜವಾದ ಅಡ್ಡಿ ಬಸ್ ಚಾರ್ಜು. ಸ್ವಂತ ಅಡುಗೆ ಮಾಡಿಕೊಳ್ಳುವ ಆಶ್ರಯಾರ್ಥಿಗೆ ವಾರಕ್ಕೆ ಸಿಗುತ್ತ ಬಂದಿದ್ದು 49.18 ಪೌಂಡ್. 2025ರಲ್ಲಿ ಇಂಗ್ಲೆಂಡಿನ ಒಂದು ಬಸ್ ಪ್ರಯಾಣದ ಗರಿಷ್ಠ ದರ 3 ಪೌಂಡ್. ಉಚಿತ ಇಂಗ್ಲಿಷ್ ತರಗತಿಗೆ ಹೋಗಿಬರಲು 6 ಪೌಂಡ್ ಹೋದರೆ ವಾರದ ಎಂಟನೇ ಒಂದು ಭಾಗ ಮುಗಿಯಿತು. ಪ್ರಯಾಣ ವೆಚ್ಚಕ್ಕೆ ಸಣ್ಣ ನಿಧಿ ಇಟ್ಟಿರುವ ಕಡೆ ಹಾಜರಿ ಉಳಿಯುತ್ತದೆ, ಇಲ್ಲದ ಕಡೆ ಉಳಿಯುವುದಿಲ್ಲ. ಸಂಬಳದ ಕೆಲಸಕ್ಕೆ ಅನುಮತಿ ಇಲ್ಲದಿದ್ದರೂ ಸ್ವಯಂಸೇವೆ ಮಾಡಬಹುದು. ದಿನವಿಡೀ ಕಾಯುತ್ತ ಕೂರುವವರಿಗೆ ಅದು ದೊಡ್ಡ ಆಸರೆ.

ಮನೆಯಲ್ಲೇ ಹಿಂಸೆ ಅನುಭವಿಸುತ್ತಿರುವವರು ಒಂದು ತಾಂತ್ರಿಕ ಸಂಗತಿಯನ್ನು ತಿಳಿದಿರಬೇಕು. ಲಿಂಕ್ ವರ್ಕರ್ ಬರೆದ ಟಿಪ್ಪಣಿ ಜಿಪಿ ದಾಖಲೆಗೆ ಸೇರುತ್ತದೆ, ಅಲ್ಲಿಂದ ಎನ್‌ಎಚ್‌ಎಸ್ ಆಪ್‌ನಲ್ಲಿ ಕಾಣಿಸಿಕೊಳ್ಳಬಹುದು. ಗಂಡನೋ ಮಗನೋ ಆ ಫೋನ್ ನೋಡುತ್ತಿದ್ದರೆ, ಅಥವಾ ಅವರಿಗೆ ಪ್ರತಿನಿಧಿಯಾಗಿ ಲಾಗಿನ್ ಕೊಟ್ಟಿದ್ದರೆ, ಅಪಾಯ. ಮಾತು ಶುರುವಾಗುವ ಮುನ್ನವೇ “ಇದು ಆಪ್‌ನಲ್ಲಿ ಕಾಣದಂತೆ ಮಾಡಿ” ಎಂದು ಹೇಳಬಹುದು, ಸರ್ಜರಿಗೆ ಅದನ್ನು ಮರೆಮಾಡುವ ಅವಕಾಶವಿದೆ.

ಪರಿಣಾಮಕ್ಕೆ ಸಾಕ್ಷ್ಯ ಇದೆಯೇ? ಇದೆ, ಆದರೆ ಪ್ರಚಾರದಷ್ಟು ಗಟ್ಟಿಯಲ್ಲ. ಫ್ರೂಮ್‌ನಲ್ಲಿ 2013ರಿಂದ 2017ರ ನಡುವೆ ತುರ್ತು ದಾಖಲಾತಿ ಶೇ 14ರಷ್ಟು ಇಳಿಯಿತು, ಅದೇ ಅವಧಿಯಲ್ಲಿ ಇಡೀ ಸಾಮರ್‌ಸೆಟ್‌ನಲ್ಲಿ ಶೇ 28ಕ್ಕೂ ಹೆಚ್ಚು ಏರಿತು ಎಂಬ ವರದಿ ಬಹಳ ಉಲ್ಲೇಖಗೊಳ್ಳುತ್ತದೆ. ಆದರೆ ಅಲ್ಲಿ ಒಂದೇ ಬಾರಿಗೆ ಹಲವು ಬದಲಾವಣೆ ನಡೆದಿದ್ದವು. ಪ್ರಕೃತಿಯ ನಡುವಿನ ಚಟುವಟಿಕೆಗಳಿಗಾಗಿ 2021ರಲ್ಲಿ ಶುರುವಾದ 57.7 ಲಕ್ಷ ಪೌಂಡ್‌ಗಳ ಯೋಜನೆ ಏಳು ಪ್ರದೇಶಗಳಲ್ಲಿ 8,000ಕ್ಕೂ ಹೆಚ್ಚು ಜನರನ್ನು ಮುಟ್ಟಿತು, ಭಾಗವಹಿಸಿದವರ ನೆಮ್ಮದಿಯ ಅಂಕ ಚೆನ್ನಾಗಿ ಏರಿತು. ಹೋಲಿಸಲು ಚಟುವಟಿಕೆಯಿಲ್ಲದ ಇನ್ನೊಂದು ಗುಂಪು ಇರಲಿಲ್ಲ. 2017ರಲ್ಲಿ 15 ಮೌಲ್ಯಮಾಪನಗಳನ್ನು ಒಟ್ಟಿಗೆ ಪರಿಶೀಲಿಸಿದ ಸಂಶೋಧಕರು ಅವು ಸಣ್ಣವು, ಪಕ್ಷಪಾತದ ಅಪಾಯವುಳ್ಳವು ಎಂದೇ ಹೇಳಿದರು. ನಮ್ಮ ನಿಲುವು ಇಷ್ಟು: ಭತ್ಯೆ ಕೊಡಿಸಿದ್ದು, ತೇವ ಹಿಡಿದ ಗೋಡೆಯನ್ನು ವಸತಿ ಸಂಸ್ಥೆಯಿಂದ ಸರಿಪಡಿಸಿದ್ದು, ಮನೆಯಿಂದ ಹೊರಗೆ ಕರೆತಂದದ್ದು ತಮ್ಮಷ್ಟಕ್ಕೇ ಒಳ್ಳೆಯ ಫಲ. ಆಸ್ಪತ್ರೆಯ ಖರ್ಚು ಉಳಿಸಿ ತೋರಿಸಿದರೆ ಮಾತ್ರ ಸೇವೆ ಉಳಿಯಬೇಕು ಎನ್ನುವುದು ಸರಿಯಲ್ಲ.

ಇದು ಯಾವುದಕ್ಕೆ ಅಲ್ಲ ಎಂಬುದೂ ಸ್ಪಷ್ಟವಿರಲಿ. ಲಿಂಕ್ ವರ್ಕರ್ ವೈದ್ಯರೂ ಅಲ್ಲ, ಚಿಕಿತ್ಸಕರೂ ಅಲ್ಲ. ಆತ್ಮಹತ್ಯೆಯ ಯೋಚನೆ ಇದ್ದರೆ 111ಕ್ಕೆ ಕರೆ ಮಾಡಿ ಮಾನಸಿಕ ಆರೋಗ್ಯದ ಆಯ್ಕೆಯಾದ 2 ಒತ್ತಬೇಕು, ಅಥವಾ ಸಂಕಟದಲ್ಲಿರುವವರ ಮಾತು ಕೇಳುವ ಸಂಸ್ಥೆ ಸಮಾರಿಟನ್ಸ್‌ನ 116 123. ಆತಂಕ, ಖಿನ್ನತೆಗೆ ಮಾತಿನ ಚಿಕಿತ್ಸೆ ಬೇಕಿದ್ದರೆ ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್‌ಗೆ ನೇರವಾಗಿ ಹೆಸರು ಕೊಡಬಹುದು. ಅಲ್ಲಿ ಕಾಯುವ ಪಟ್ಟಿ ಉದ್ದವೆಂದು ಇಲ್ಲಿಗೆ ಕಳಿಸಿ ಕೈ ತೊಳೆದುಕೊಳ್ಳುವುದು ನಡೆಯುತ್ತದೆ, ಒಪ್ಪಬೇಡಿ. ಎರಡೂ ಒಟ್ಟಿಗೆ ನಡೆಯಬಹುದು. ಮರೆವು ಶುರುವಾಗಿದ್ದರೆ ಮೊದಲು ಜಿಪಿ ತಪಾಸಣೆ, ಆಮೇಲೆ ಕೂಟ.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ್ದು ಬಿಡಿಬಿಡಿಯಾಗಿ ಇದೆ. ನಿಮ್ಹಾನ್ಸ್ ಮುಂದಾಳತ್ವದ ಟೆಲಿ ಮಾನಸ್ 14416 ಹಗಲು ರಾತ್ರಿ ಕನ್ನಡದಲ್ಲೇ ಸಿಗುತ್ತದೆ, ಹಿರಿಯರ ಸಹಾಯವಾಣಿ 14567 ಪಿಂಚಣಿ, ಕಾನೂನಿನ ಮಾಹಿತಿ ಕೊಡುತ್ತದೆ. ಮನೆಬಾಗಿಲು ಬಲ್ಲ ಆಶಾ ಕಾರ್ಯಕರ್ತೆಯರಿದ್ದಾರೆ, ಅವರ ಮೇಲೆ ಈಗಾಗಲೇ ಹೊರಲಾರದಷ್ಟು ಕೆಲಸ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಗಂಟೆ ಕುಳಿತು ಕೇಳಿ, ತಾಲ್ಲೂಕು ಕಚೇರಿಗೋ ಸ್ವಸಹಾಯ ಸಂಘಕ್ಕೋ ಜೊತೆಗೆ ಬರುವ ಸಂಬಳದ ಹುದ್ದೆಯೊಂದು ಇಲ್ಲ. ಇಂಗ್ಲೆಂಡಿನಿಂದ ಕಲಿಯುವುದಿದ್ದರೆ ಆ ಹುದ್ದೆಯನ್ನು ಕಲಿಯಬೇಕು, ಕೂಟಗಳಿಗೆ ಹಣ ಕೊಡದ ಪದ್ಧತಿಯನ್ನಲ್ಲ.

ಅಂಕ ಕೊಡುವುದಾದರೆ: ಮೊದಲ ಭೇಟಿಗೆ ಐದಕ್ಕೆ ಐದು. ಭತ್ಯೆ, ವಸತಿ ಕಾಗದದ ಕೆಲಸಕ್ಕೆ ನಾಲ್ಕು. ಕೂಟಗಳ ಬಾಳಿಕೆಗೆ ಎರಡು. ಕನ್ನಡದಂಥ ಭಾಷೆಯವರನ್ನು ನಡೆಸಿಕೊಳ್ಳುವುದಕ್ಕೆ ಎರಡು. ರೆಫರಲ್ ಕಳಿಸಿ ನಾಲ್ಕು ವಾರವಾದರೂ ಕರೆ ಬರದಿದ್ದರೆ ಸರ್ಜರಿಯ ಪ್ರಾಕ್ಟೀಸ್ ಮ್ಯಾನೇಜರ್‌ಗೆ ಬರೆಯಿರಿ, ರೆಫರಲ್ ದಿನಾಂಕವನ್ನು ನಮೂದಿಸಿ. ದೂರನ್ನು ಸರ್ಜರಿಗೆ ಕೊಡಲು ಇಷ್ಟವಿಲ್ಲದಿದ್ದರೆ ನಿಮ್ಮ ಪ್ರದೇಶದ ಎನ್‌ಎಚ್‌ಎಸ್ ಮಂಡಳಿಯಾದ ಇಂಟಿಗ್ರೇಟೆಡ್ ಕೇರ್ ಬೋರ್ಡ್‌ಗೆ ಕೊಡಬಹುದು, ಘಟನೆ ನಡೆದ 12 ತಿಂಗಳೊಳಗೆ. ಉತ್ತರ ಸಮಾಧಾನ ತರದಿದ್ದರೆ ಮುಂದಿನದು ಸಂಸದೀಯ ಮತ್ತು ಆರೋಗ್ಯ ಸೇವಾ ಓಂಬುಡ್ಸ್‌ಮನ್. ಇಮೇಲ್ ಬರಲಿ, ಕಾಗದ ಬರಲಿ, ಎಲ್ಲದರ ಪ್ರತಿ ಇಟ್ಟುಕೊಳ್ಳಿ.